ನರಗುಂದ ಸಿಗ್ತದ, ರೋಣ ಸಿಗೂದಿಲ್ಲ

"ಸರ, ನರಗುಂದ ಅಂತ ಹುಡುಕಿದ್ರ ಎಲ್ಲಾರೂ ಸಿಗ್ತಾರ್ರಿ. ರೋಣ ಅಂತ ಹುಡುಕಿದ್ರ ಒಬ್ಬರೂ ಸಿಗೂದಿಲ್ಲ. ಗಜೇಂದ್ರಗಡದವರೂ ಇಲ್ಲ. ಇಷ್ಟ ಮಂದಿ ಅಳಿಸಿ ಹೋದ್ರೇನ್ರಿ?"

ಫೋನಿನಲ್ಲಿದ್ದವರು ರೋಣದ ಕಡೆಯ ಒಂದು ಪತ್ತಿನ ಸಹಕಾರಿ ಸಂಘದ ಗುಮಾಸ್ತೆ. ಮೂರೂ ತಾಲ್ಲೂಕಿನ ಸದಸ್ಯರ ಪಟ್ಟಿಯನ್ನು ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹಿಂದಿನ ವಾರವಷ್ಟೇ ಸಾಗಿಸಿದ್ದರು. ವಾರ್ಷಿಕ ಸಭೆಯ ನೋಟಿಸು ಹೊರಡಬೇಕಿತ್ತು. ದನಿಯಲ್ಲಿ ಅಳು ತುಂಬಿತ್ತು.

"ಅಕ್ಕಾರ, ಯಾರೂ ಅಳಿಸಿ ಹೋಗಿಲ್ಲ. ನಾ ಬರೂತನಕ ಏನೂ ಮುಟ್ಟಬ್ಯಾಡ್ರಿ. ಒಟ್ಟು ಎಷ್ಟು ಮಂದಿ ಅದಾರ ಅನ್ನೂದಷ್ಟ ಎಣಿಸಿ ಹೇಳ್ರಿ" ಎಂದೆ. ಎಣಿಸಿದರು. ಹಳೆಯದರಲ್ಲಿ ಇದ್ದಷ್ಟೇ ಜನ ಹೊಸದರಲ್ಲೂ ಇದ್ದರು. ಹಾಗಾದರೆ ರೋಣದವರು ಒಳಗೇ ಇದ್ದಾರೆ, ಕರೆದರೆ ಓಗೊಡುತ್ತಿಲ್ಲ.

ನಾನು ಆಗ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿದ್ದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ರೋಣದ ಬಸ್ಸಿಗೆ ಇನ್ನೂ ಹೊತ್ತಿತ್ತು. ಈ ಮೂರು ಊರುಗಳ ನಡುವೆ ಅಂಗಡಿ, ಸಂಘ, ಕಾಲೇಜು ಅಂತ ತಿರುಗಾಡಿ ಲೆಕ್ಕದ ತಂತ್ರಾಂಶಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಬಸ್ಸು ಕಾಯುವ ಹೊತ್ತಿನಲ್ಲಿ ಬರುವ ಯೋಚನೆಯೂ ಅದೇ ಕಸುಬಿನದು.

ಡೇಟಾಬೇಸ್ ಅಂದರೆ ಬೇರೇನಲ್ಲ, ವಹಿಗಳ ಗಂಟು. ಸದಸ್ಯರದೊಂದು ವಹಿ, ಸಾಲದ್ದೊಂದು ವಹಿ, ಕಂತಿನದೊಂದು ವಹಿ. ಮೂರನ್ನೂ ಸದಸ್ಯ ಸಂಖ್ಯೆ ಎಂಬ ಒಂದೇ ದಾರ ಹೆಣೆದಿರುತ್ತದೆ. ಹೀಗೆ ಹೆಣೆಯುವ ಶಾಸ್ತ್ರವನ್ನು 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಬರೆದಿಟ್ಟರು. ನಮ್ಮ ಊರಿನ ಅಂಗಡಿಗಳಿಗೆ ಅದು ಬಂದದ್ದು ಮುಕ್ತ ತಂತ್ರಾಂಶದ ದಾರಿಯಿಂದ. ಲೈಸೆನ್ಸಿಗೆ ದುಡ್ಡಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು. 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಮೈಎಸ್‌ಕ್ಯುಎಲ್, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕೆಲಸದಿಂದ ಬೆಳೆದ ಪೋಸ್ಟ್‌ಗ್ರೆಸ್‌ಕ್ಯುಎಲ್, ಇವೇ ನಮ್ಮ ಕಡೆ ಹೆಚ್ಚು. ಮೈಎಸ್‌ಕ್ಯುಎಲ್ ಕಟ್ಟಿದ ಮಾಂಟಿ ವಿಡೇನಿಯಸ್ ತನ್ನ ಹಿರಿಯ ಮಗಳು 'ಮೈ'ಯ ಹೆಸರನ್ನು ಅದಕ್ಕಿಟ್ಟ. ಮುಂದೆ ಕಂಪನಿ ಕೈ ಬದಲಾಗಿ ಒರಾಕಲ್‌ನತ್ತ ಹೊರಟಾಗ, 2009ರಲ್ಲಿ ಅದೇ ಮೂಲದಿಂದ ಇನ್ನೊಂದು ಕವಲು ಒಡೆಸಿ, ಕಿರಿಯ ಮಗಳು ಮರಿಯಾಳ ಹೆಸರಿನಲ್ಲಿ ಮರಿಯಾಡಿಬಿ ಎಂದು ಕರೆದ. ಕಾಲೇಜು ಹುಡುಗರು ಹಾಕಿಕೊಡುವ ಕ್ಸಾಂಪ್ ಎಂಬ ಗಂಟಿನಲ್ಲಿ ಮೈಎಸ್‌ಕ್ಯುಎಲ್ ಅಂತ ಫಲಕವಿದ್ದರೂ ಈಗ ಒಳಗಿರುವುದು ಮರಿಯಾಳೇ. ಕುಲದೇವರ ಹೆಸರು, ಅಜ್ಜಿಯ ಹೆಸರು ಮಕ್ಕಳಿಗಿಡುವ ನಮಗೆ, ಮಗಳ ಹೆಸರನ್ನು ಕಟ್ಟಿದ ಕೆಲಸಕ್ಕಿಟ್ಟ ಆ ಮನುಷ್ಯ ಪರಕೀಯ ಅನ್ನಿಸುವುದಿಲ್ಲ.

ಇಪ್ಪತ್ತು ವರ್ಷದಿಂದ ನನಗೆ ಬರುವ ಫೋನುಗಳಲ್ಲಿ ಮೊದಲ ಮಾತು ಒಂದೇ: "ಕೆಟ್ಟೈತ್ರಿ." ನಾನು ಕೇಳುವುದೂ ಒಂದೇ: "ಅದು ಏನ್ ಅಂತೈತ್ರಿ?" ಆ ಕಡೆ ಮೌನ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದಿರುತ್ತದೆ, ಅವರು ಅದನ್ನು ಮುಚ್ಚಿರುತ್ತಾರೆ. ಇದರಿಂದ ಆಗುವ ನಷ್ಟವನ್ನು ಕಣ್ಣಾರೆ ಕಂಡಿದ್ದೇನೆ.

ಅದೇ ಗಜೇಂದ್ರಗಡದಲ್ಲಿ ಒಂದು ಸೀರೆ ಅಂಗಡಿ. ಈ ಊರಿನ ಪಟ್ಟೇದಂಚು ಸೀರೆ ಗೊತ್ತಲ್ಲ, ಚೌಕುಳಿಯ ಮೈ, ಅಗಲ ಅಂಚು, ಹೊಲದ ಕೆಲಸಕ್ಕೂ ತಾಳುವ ಹತ್ತಿ ನೂಲು. ಯಾವ ನೇಕಾರರಿಗೆ ಎಷ್ಟು ನೂಲು ಕೊಟ್ಟಿದ್ದು, ಎಷ್ಟು ಸೀರೆ ಬಂದದ್ದು, ಎಲ್ಲ ಕ್ಸಾಂಪ್‌ನಲ್ಲಿ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಂದಮೇಲೆ ಡೇಟಾಬೇಸ್ ಏಳಲಿಲ್ಲ. ಕ್ಸಾಂಪ್‌ನ ಪರದೆಯಲ್ಲಿ ಅದರ ಹೆಸರಿಗೆ ಹಸಿರು ಬಣ್ಣ ಬಂದು ಕ್ಷಣದಲ್ಲೇ ಆರಿಹೋಗುತ್ತಿತ್ತು. ಅಂಗಡಿಯ ಹುಡುಗ ಗೆಳೆಯನನ್ನು ಕೇಳಿದ. ಗೆಳೆಯ, "ಐಬಿಡೇಟಾ1 ಅನ್ನೋ ಫೈಲ್ ತಗದುಬಿಡು, ಹೊಸಾದು ತಾನ ಹುಟ್ತೈತಿ" ಅಂದ. ತೆಗೆದ. ಹೊಸದು ಹುಟ್ಟಿತು, ಬರಿದಾಗಿ ಹುಟ್ಟಿತು. ಯಾವ ವಹಿ ಎಲ್ಲಿದೆ ಎಂಬ ಪಟ್ಟಿ ಇರುವುದೇ ಆ ಕಡತದಲ್ಲಿ. ಅದು ಹೋದ ಮೇಲೆ ಉಳಿದ ಕಡತಗಳು ಡಬ್ಬಿಯಲ್ಲಿದ್ದರೂ ವಿಳಾಸ ತಪ್ಪಿದ ಕಾಗದಗಳು.

ನಾನು ಹೋಗಿ ದೋಷದ ಲಾಗ್ ತೆರೆದೆ. ಹುಡುಗ ಆ ಕಡತವನ್ನು ತೆಗೆಯುವುದಕ್ಕೆ ಮೊದಲಿನ ಸಾಲು ಇನ್ನೂ ಅಲ್ಲೇ ಇತ್ತು. ಕನ್ನಡದಲ್ಲಿ ಹೇಳುವುದಾದರೆ, "3306ನೇ ಪೋರ್ಟಿನಲ್ಲಿ ಆಗಲೇ ಇನ್ನೊಂದು ಸರ್ವರ್ ಓಡುತ್ತಿದೆಯೇ?" ಎಂದು ಅದು ಕೇಳಿತ್ತು. ಅಷ್ಟೇ. ಹಿಂದಿನ ವಾರ ಹುಡುಗ ತನ್ನ ಕಾಲೇಜಿನ ಪ್ರಾಜೆಕ್ಟಿಗೆ ಮತ್ತೊಂದು ಮೈಎಸ್‌ಕ್ಯುಎಲ್ ಹಾಕಿದ್ದ. ಕರೆಂಟು ಹೋಗಿ ಬಂದಾಗ ಅದು ಮೊದಲು ಎದ್ದು ಬಾಗಿಲಲ್ಲಿ ಕೂತಿತ್ತು. ಆ ಎರಡನೆಯದನ್ನು ನಿಲ್ಲಿಸಿದ್ದರೆ ಐದು ನಿಮಿಷದ ಕೆಲಸ. ನಾಲ್ಕು ತಿಂಗಳ ಹಿಂದಿನ ಒಂದು ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಸಿಕ್ಕಿತು. ಅದರಿಂದ ವಹಿಗಳ ಅಂಕಣಗಳನ್ನು ಮತ್ತೆ ಕಟ್ಟಿ, ಅನಾಥವಾಗಿದ್ದ ಕಡತಗಳನ್ನು ಒಂದೊಂದಾಗಿ ಜೋಡಿಸುವಷ್ಟರಲ್ಲಿ ಎರಡು ದಿನ ಹಿಡಿಯಿತು. ಎರಡು ವಹಿ ಬರಲೇ ಇಲ್ಲ. ನೇಕಾರರ ಮನೆಗೆ ಹೋಗಿ ಅವರ ಪುಸ್ತಕ ನೋಡಿ ಲೆಕ್ಕ ತುಂಬಿದರು. ಮುರಿದ ಡೇಟಾಬೇಸನ್ನು ಮುಟ್ಟುವ ಮೊದಲು ಅದರ ಪೂರಾ ಫೋಲ್ಡರನ್ನು ಇನ್ನೊಂದು ಕಡೆ ನಕಲು ಮಾಡಿಡಬೇಕೆಂದು ನಾನು ಎಲ್ಲರಿಗೂ ಕೈಮುಗಿದು ಹೇಳುವುದು ಆ ಎರಡು ದಿನದ ನೆನಪಿನಿಂದ.

ಕರೆಂಟು ಹೋದದ್ದೇ ಡೇಟಾಬೇಸ್ ಕೆಡಲು ಕಾರಣ ಎಂದು ಜನ ನಂಬುತ್ತಾರೆ. ಅದನ್ನು ಕಟ್ಟಿದವರು ಕರೆಂಟು ಹೋಗುತ್ತದೆಂದು ತಿಳಿದೇ ಕಟ್ಟಿದ್ದಾರೆ. ಇದು ನನಗೆ ಚೆನ್ನಾಗಿ ಅರ್ಥವಾದದ್ದು ದಲಾಲಿ ಅಂಗಡಿಯಲ್ಲಿ ಕೂತಿದ್ದ ನಮ್ಮ ಕಾಕಾನ ಕೆಲಸ ನೆನೆದಾಗ. ಅವರು ಬಂದ ವ್ಯವಹಾರವನ್ನು ನೇರ ಖತಾವಣಿಗೆ ಏರಿಸುತ್ತಿರಲಿಲ್ಲ. ಮೊದಲು ಕೀರ್ದಿಯಲ್ಲಿ, ಬಂದ ಕ್ರಮದಲ್ಲೇ, ಸರಸರ ಬರೆಯುವುದು. ಸಂಜೆ ದೀಪ ಹಚ್ಚಿದ ಮೇಲೆ ಕೀರ್ದಿ ನೋಡಿ ಒಬ್ಬೊಬ್ಬರ ಖಾತೆಗೆ ಖತಾವಣಿಯಲ್ಲಿ ಏರಿಸುವುದು. ನಡುವೆ ಎದ್ದು ಹೋಗಬೇಕಾದರೂ ಚಿಂತೆಯಿಲ್ಲ. ಕೀರ್ದಿಯಲ್ಲಿ ಇದೆ, ನಾಳೆ ಏರಿಸಬಹುದು. ಪೋಸ್ಟ್‌ಗ್ರೆಸ್ ಮಾಡುವುದು ಇದನ್ನೇ, ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಮಾಡುವುದೂ ಇದನ್ನೇ. ಪ್ರತಿ ಬದಲಾವಣೆಯನ್ನು ಮೊದಲು ಒಂದು ಲಾಗಿಗೆ ಬರೆದು, ಅದು ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆಯೇ "ಆಯಿತು" ಎನ್ನುತ್ತದೆ. ವಹಿಗೆ ನಿಧಾನವಾಗಿ ಏರಿಸುತ್ತದೆ. ಕರೆಂಟು ಹೋಗಿ ಬಂದಾಗ ಎದ್ದ ಕೂಡಲೇ ಕೀರ್ದಿ ತೆರೆದು, ಏರಿಸದೆ ಉಳಿದದ್ದನ್ನು ಏರಿಸಿ, ಅರ್ಧಕ್ಕೆ ನಿಂತದ್ದನ್ನು ಹೊಡೆದುಹಾಕುತ್ತದೆ. ಆ ಹೊತ್ತಿನಲ್ಲಿ ಅದು ತಡ ಮಾಡಿದರೆ "ಸಿಕ್ಕಾಕ್ಕೊಂಡೈತಿ" ಎಂದು ಗುಂಡಿ ಒತ್ತಿ ಆರಿಸಬಾರದು. ಕಾಕಾ ಖತಾವಣಿ ಏರಿಸುತ್ತಿರುವಾಗ ದೀಪ ಆರಿಸಿದಂತೆ ಅದು.

ವಹಿಯ ಶಿಸ್ತು ನಮ್ಮ ನೆಲಕ್ಕೆ ಹೊಸದಲ್ಲ. 1904ರಲ್ಲಿ ಸಹಕಾರ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಇಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದಲ್ಲಿ ಅಂಥದು ಮೊದಲು ಎಂಬ ಹೆಸರು ಅದಕ್ಕಿದೆ. ರೈತನ ಸಾಲ, ರೈತನ ಪಾಲು, ರೈತನೇ ಬರೆಯುವ ಲೆಕ್ಕ. ಬೀಗ ಹಾಕಿದ ಪೆಟ್ಟಿಗೆಯಂಥ ತಂತ್ರಾಂಶಕ್ಕಿಂತ ಬಿಚ್ಚಿ ನೋಡಬಹುದಾದ ತಂತ್ರಾಂಶ ನಮ್ಮ ಸಂಘಗಳಿಗೆ ಒಪ್ಪುತ್ತದೆ ಎಂದು ನಾನು ವಾದಿಸುವುದು ಇದಕ್ಕೇ. ವಹಿ ಊರಿನದಾದರೆ ವಹಿ ಬರೆಯುವ ಉಪಕರಣವೂ ಊರಿನದಾಗಿರಲಿ.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು, ನರಗುಂದದಲ್ಲಿ ಹಿಂದಿನ ಮುಂಗಾರಿನಲ್ಲಿ ಆದದ್ದನ್ನು ನೆನೆದೆ. ಮಿರಗದ ಮಳೆ ಬಿದ್ದು ಹೆಸರು ಬಿತ್ತುವ ಅವಸರ. ಒಂದು ಬೀಜ-ಗೊಬ್ಬರದ ಅಂಗಡಿಯ ಮುಂದೆ ರೈತರ ಸಾಲು. ಬಿಲ್ ಮಾಡುವ ಮೂರು ಕಂಪ್ಯೂಟರುಗಳೂ ನಿಂತುಬಿಟ್ಟವು. ಐವತ್ತು ಸೆಕೆಂಡು ಸುಮ್ಮನಿದ್ದು ಒಂದು ಸಾಲು ತೋರಿಸುತ್ತಿದ್ದವು: ಬೀಗಕ್ಕಾಗಿ ಕಾಯುವ ಅವಧಿ ಮುಗಿಯಿತು, ವ್ಯವಹಾರವನ್ನು ಮತ್ತೆ ಆರಂಭಿಸಿ ನೋಡಿ. ಇಂಗ್ಲಿಷಿನ ಆ ಸಾಲಿನಲ್ಲಿ "ರಿಸ್ಟಾರ್ಟ್" ಎಂಬ ಒಂದು ಶಬ್ದ ಕಣ್ಣಿಗೆ ಬಿದ್ದು, ಮೂವರೂ ಕಂಪ್ಯೂಟರ್ ಆರಿಸಿ ಹಚ್ಚಿದರು. ಮತ್ತೆ ಅದೇ. ಮತ್ತೆ ಆರಿಸಿ ಹಚ್ಚಿದರು. ಬಿಸಿಲಿನಲ್ಲಿ ಸಾಲು ಬೆಳೆಯಿತು.

ನಾನು ಹೋಗಿ ಸರ್ವರಿನಲ್ಲಿ "ಶೋ ಪ್ರೊಸೆಸ್‌ಲಿಸ್ಟ್" ಎಂದು ಕೇಳಿದೆ. ಯಾರು ಯಾರು ಒಳಗಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಅದು ಹೇಳುತ್ತದೆ. ನಾಲ್ಕನೆಯವನೊಬ್ಬ ಒಳಗಿದ್ದ, ಮಲಗಿದ್ದ. ಸಾಹುಕಾರರ ಮಗ ಒಳಗಿನ ಕೋಣೆಯ ಕಂಪ್ಯೂಟರಿನಲ್ಲಿ ಯೂರಿಯಾ ಚೀಲದ ಲೆಕ್ಕ ತಿದ್ದಲು ವ್ಯವಹಾರ ತೆರೆದು, ಸಂಖ್ಯೆ ಬದಲಿಸಿ, "ಕಮಿಟ್" ಹೇಳದೆ, ಚೀಲ ಎಣಿಸಲು ಗೋಡೌನಿಗೆ ಹೋಗಿದ್ದ. ತಿಜೋರಿ ತೆರೆದು ಕೀಲಿ ಕಿಸೆಯಲ್ಲಿಟ್ಟುಕೊಂಡು ಸಂತೆಗೆ ಹೋದಂತೆ. ಹೊರಗಿನವರು ತಮ್ಮ ಕಂಪ್ಯೂಟರು ಎಷ್ಟು ಸಲ ಆರಿಸಿದರೇನು, ಕೀಲಿ ಅವರ ಹತ್ತಿರ ಇರಲೇ ಇಲ್ಲ. ಆ ಒಂದು ಸಂಪರ್ಕವನ್ನು ಕಡಿದೆ, ಮೂರೂ ಬಿಲ್ಲು ಒಟ್ಟಿಗೆ ಹೊರಬಂದವು.

ಅದೇ ಅಂಗಡಿಯಲ್ಲಿ ಇನ್ನೊಂದು ದೂರಿತ್ತು: ದಿನಾ ಬೆಳಿಗ್ಗೆ ಮೊದಲ ಬಿಲ್ಲು ಆಗುವುದಿಲ್ಲ, ಎರಡನೆಯದು ಆಗುತ್ತದೆ. "ಶನಿಕಾಟ ಐತೇನ್ರಿ?" ಎಂದು ಹಿರಿಯರು ಕೇಳಿದರು. ಮೈಎಸ್‌ಕ್ಯುಎಲ್ ಸುಮ್ಮನಿರುವ ಸಂಪರ್ಕವನ್ನು 28,800 ಸೆಕೆಂಡು, ಅಂದರೆ ಎಂಟು ತಾಸು ಕಾದು ಕಡಿದುಹಾಕುತ್ತದೆ. ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಒಂಬತ್ತಕ್ಕೆ ತೆರೆದರೆ ಹನ್ನೆರಡು ತಾಸು. ಬೆಳಿಗ್ಗೆ ಹೊಸದಾಗಿ ಸಂಪರ್ಕ ಹಿಡಿಯುವಂತೆ ತಂತ್ರಾಂಶದಲ್ಲಿ ಒಂದು ಸಾಲು ತಿದ್ದಿದ್ದೇ ಸಾಕಾಯಿತು.

ರೋಣ ಮುಟ್ಟಿದಾಗ ಮೂರು ಗಂಟೆ. ಅಕ್ಕಾರು ಚಹಾ ತರಿಸಿದ್ದರು. ಏನೂ ಮುಟ್ಟಿರಲಿಲ್ಲ, ಅದಕ್ಕೆ ಮೊದಲು ಅವರಿಗೆ ಧನ್ಯವಾದ ಹೇಳಿದೆ. ಯಾವ ಊರು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಇಬ್ಬರೂ ಒಂದು ಹಾಳೆಯಲ್ಲಿ ಬರೆಯುತ್ತ ಹೋದೆವು. ನರಗುಂದ ಸಿಗುತ್ತದೆ. ಇಟಗಿ ಸಿಗುತ್ತದೆ. ಸೂಡಿ ಸಿಗುತ್ತದೆ. ರೋಣ ಇಲ್ಲ, ಗಜೇಂದ್ರಗಡ ಇಲ್ಲ, ನರೇಗಲ್ ಇಲ್ಲ, ಅಬ್ಬಿಗೇರಿ ಇಲ್ಲ, ಹಿರೇಹಾಳ ಇಲ್ಲ. ನರಗುಂದ ತಾಲ್ಲೂಕಿನವೇ ಆದ ಶಿರೋಳ, ಕೊಣ್ಣೂರು ಸಹ ಇಲ್ಲ. ಹಾಗಾದರೆ ತಾಲ್ಲೂಕಿನ ಮಾತಲ್ಲ. ಅಕ್ಕಾರು ಹಾಳೆಯನ್ನೇ ನೋಡುತ್ತ ಕೂತಿದ್ದವರು ತಟ್ಟನೆ, "ಸರ, ಸಿಗದಿದ್ದ ಊರಾಗೆಲ್ಲಾ ಏತ್ವ ಇಲ್ಲಾ ಓತ್ವ ಐತಿ ನೋಡ್ರಿ" ಎಂದರು.

ಅದೇ ಸರಿ ಉತ್ತರವಾಗಿತ್ತು. ಅದನ್ನು ಕಂಡದ್ದು ಅವರು, ನಾನಲ್ಲ.

ಶಾಲೆಯಲ್ಲಿ ಕಾಗುಣಿತ ಕಲಿತದ್ದು ನೆನಪಿದೆಯೇ? ಗ-ಕ್ಕೆ ಏತ್ವ ಕೊಟ್ಟರೆ ಗೆ, ಏತ್ವದ ಮೇಲೊಂದು ದೀರ್ಘ ಎಳೆದರೆ ಗೇ. ಅಂದರೆ ಮಕ್ಕಳಿಗೆ ಹೇಳಿಕೊಡುವಾಗ 'ಗೇ'ಯಲ್ಲಿ ಎರಡು ತುಂಡು. ಹಳೆಯ ನುಡಿ ಅಕ್ಷರಶೈಲಿಯಲ್ಲೂ ಹಾಗೆಯೇ: ಏತ್ವಕ್ಕೊಂದು ಗುರುತು, ದೀರ್ಘಕ್ಕೆ ಇನ್ನೊಂದು. ಯೂನಿಕೋಡಿನಲ್ಲಿ ಮಾತ್ರ 'ೇ' ಎಂಬ ಇಡೀ ಚಿಹ್ನೆಗೆ ಒಂದೇ ಸಂಖ್ಯೆಯೂ ಉಂಟು, ಎರಡು ತುಂಡು ಸೇರಿಸಿ ಬರೆಯುವ ದಾರಿಯೂ ಉಂಟು. 'ೋ' ಆದರೆ ಮೂರು ತುಂಡು. ಕಣ್ಣಿಗೆ ಎರಡೂ ಒಂದೇ. ಸಂಘದ ಹಳೆಯ ಪಟ್ಟಿ ನುಡಿಯಲ್ಲಿತ್ತು. ಅದನ್ನು ಯೂನಿಕೋಡಿಗೆ ಪರಿವರ್ತಿಸಿದ ತಂತ್ರಾಂಶ ತುಂಡುಗಳನ್ನು ತುಂಡಾಗಿಯೇ ಸಾಗಿಸಿತ್ತು. ಅಕ್ಕಾರು ಕೀಲಿಮಣೆಯಲ್ಲಿ ಒತ್ತುತ್ತಿದ್ದದ್ದು ಇಡೀ ಚಿಹ್ನೆ. ಸಂಘದ ಹೊಸ ಕಂಪ್ಯೂಟರಿನಲ್ಲಿದ್ದ ಪೋಸ್ಟ್‌ಗ್ರೆಸ್ ಅಕ್ಷರದ ರೂಪ ನೋಡುವುದಿಲ್ಲ, ಬೈಟ್‌ಗಳನ್ನು ಸರಿಗಟ್ಟಿ ನೋಡುತ್ತದೆ. ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್. ಅಕ್ಕಾರು ಒತ್ತಿದ 'ರೋಣ' 9 ಬೈಟ್, ಪಟ್ಟಿಯಲ್ಲಿದ್ದ 'ರೋಣ' 15 ಬೈಟ್. ಹೊಂದುವುದು ಹೇಗೆ?

ಅವರಿಗೆ ತೋರಿಸಲೆಂದು ರೋಣದಲ್ಲೇ 1922ರಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರ ಹೆಸರನ್ನು ಎರಡು ರೀತಿ ಬರೆದು ಅಳೆದೆ. ಭೀ, ಸೇ, ಜೋ, ಮೂರೂ ತೊಡಕಿನ ಅಕ್ಷರಗಳೇ. "ಭೀಮಸೇನ ಜೋಶಿ" ಒಂದು ಬಗೆಯಲ್ಲಿ 31 ಬೈಟ್, ಇನ್ನೊಂದರಲ್ಲಿ 43. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲ. ಈ ಕಾಟ ಕೊಡುವ ಸ್ವರಚಿಹ್ನೆಗಳು ಕನ್ನಡದಲ್ಲಿ ಐದೇ ಐದು: ೀ, ೇ, ೈ, ೊ, ೋ. ಪೋಸ್ಟ್‌ಗ್ರೆಸ್ 13ರಿಂದ "ನಾರ್ಮಲೈಜ್" ಎಂಬ ಕಾರ್ಯವಿದೆ. ತುಂಡುಗಳನ್ನು ಹೊಲಿದು ಇಡೀ ಚಿಹ್ನೆ ಮಾಡುತ್ತದೆ. ಮೊದಲು ಬ್ಯಾಕಪ್ ತೆಗೆದೆವು, ಆಮೇಲೆ ಹೆಸರು ಮತ್ತು ಊರಿನ ಅಂಕಣಗಳ ಮೇಲೆ ಅದನ್ನು ಓಡಿಸಿದೆವು. ಅಕ್ಕಾರು 'ರೋಣ' ಎಂದು ಒತ್ತಿದರು. ಪಟ್ಟಿ ಸರಸರ ಇಳಿಯಿತು. ಅವರು ಎರಡೂ ಕೈ ಕೆನ್ನೆಗಿಟ್ಟುಕೊಂಡು ನಕ್ಕರು.

ಕನ್ನಡ ಕೆಡುವ ಬಗೆ ಇನ್ನೂ ಇವೆ. ಹೆಸರಿನ ಜಾಗದಲ್ಲಿ ಟೋಪಿ ಹಾಕಿದ ರೋಮನ್ ಅಕ್ಷರಗಳ ಗೋಜಲು ಕಂಡರೆ ಗಾಬರಿ ಬೇಡ. ಬೈಟ್‌ಗಳು ಒಳಗೆ ಇವೆ, ಓದುವ ಕನ್ನಡಕ ತಪ್ಪಿದೆ. ಮೈಎಸ್‌ಕ್ಯುಎಲ್ ಬಹುಕಾಲ ಸ್ವೀಡಿಷ್ ಕ್ರಮದ ಲ್ಯಾಟಿನ್ ಲಿಪಿಯನ್ನೇ ತನ್ನ ಮೂಲವೆಂದು ಇಟ್ಟುಕೊಂಡಿತ್ತು. 2018ರಲ್ಲಿ ಬಂದ 8.0ರಿಂದ ಮಾತ್ರ ಯುಟಿಎಫ್8ಎಂಬಿ4 ಮೂಲವಾಯಿತು. ಆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ವಹಿಯೊಳಗೇ ಕೂತಿದ್ದರೆ, ಆ ಹೆಸರು ಹೋಯಿತು. ಬರೆಯುವಾಗಲೇ ಕನ್ನಡವನ್ನು ಎಸೆದು ಪ್ರಶ್ನಾರ್ಥಕವನ್ನು ಇಟ್ಟಿರುತ್ತದೆ. ಅಲ್ಲಿ ಬ್ಯಾಕಪ್ ಒಂದೇ ಗತಿ.

ನಿಧಾನದ ದೂರಿಗೂ ನಮ್ಮ ಕಡೆಯದೇ ಒಂದು ಕಾರಣವಿದೆ. ಇಲ್ಲಿ ಮನುಷ್ಯನನ್ನು ಗುರುತಿಸುವುದು ಅಡ್ಡಹೆಸರಿನಿಂದ. ಹಿರೇಮಠ, ಗೌಡರ, ಬಡಿಗೇರ. ತಂತ್ರಾಂಶ ಮಾಡುವವರು ಇಡೀ ಹೆಸರನ್ನು ಒಂದೇ ಅಂಕಣದಲ್ಲಿ ಇಟ್ಟು, ಕೊನೆಯಲ್ಲಿ ಹಿರೇಮಠ ಇರುವವರೆಲ್ಲ ಬನ್ನಿ ಎಂದು ಹುಡುಕಿಸುತ್ತಾರೆ. ಖತಾವಣಿಯ ಮುಂದಿನ ಅನುಕ್ರಮಣಿಕೆ ಮೊದಲಕ್ಷರದಿಂದ ಜೋಡಿಸಿದ್ದು, ಕೊನೆಯ ಶಬ್ದದಿಂದ ಅದು ಉಪಯೋಗಕ್ಕೆ ಬಾರದು. ಮೊದಲ ಪುಟದಿಂದ ಕೊನೆಯವರೆಗೆ ಮಗುಚಲೇಬೇಕು. ಅಡ್ಡಹೆಸರಿಗೆ ಬೇರೆ ಅಂಕಣ ಮಾಡಿ ಅದಕ್ಕೊಂದು ಇಂಡೆಕ್ಸ್ ಕೊಡಿ.

ಬ್ಯಾಕಪ್ ಮಾತಿಗೆ ಬರುತ್ತೇನೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯ ಎಂಜಿನಿಯರ್ ಒಬ್ಬರು ರಾತ್ರಿಯ ದಣಿವಿನಲ್ಲಿ ತಪ್ಪು ಯಂತ್ರದ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ಪೋಸ್ಟ್‌ಗ್ರೆಸ್‌ನ ಸುಮಾರು 300 ಜಿಬಿ ಹೋಯಿತು. ಬ್ಯಾಕಪ್‌ಗಳಿದ್ದವು, ಒಂದಲ್ಲ ಹಲವು ಬಗೆಯವು. ತೆರೆದು ನೋಡಿದರೆ ನೆಚ್ಚಿಕೊಂಡಿದ್ದವು ನಡೆಯುತ್ತಿರಲೇ ಇಲ್ಲ. ಆರು ತಾಸಿನ ಹಿಂದೆ ಬೇರೆ ಕೆಲಸಕ್ಕೆ ತೆಗೆದಿಟ್ಟ ಒಂದು ನಕಲು ಅವರನ್ನು ಉಳಿಸಿತು. ಆ ಕಂಪನಿ ಇದನ್ನು ಮುಚ್ಚಿಡದೆ ಜಗತ್ತಿಗೆಲ್ಲ ಬಿಡಿಸಿ ಹೇಳಿತು. ನನಗೆ ಅದರ ಮೇಲೆ ಗೌರವ.

ನಮ್ಮ ಹಿರಿಯರು ಹಗೇವಿನಿಂದ ತೆಗೆದ ಜೋಳವನ್ನು ಹಾಗೆಯೇ ಬಿತ್ತಲಿಲ್ಲ. ಒಂದು ಹಿಡಿ ಕಾಳು ಒದ್ದೆ ಅರಿವೆಯಲ್ಲಿ ಕಟ್ಟಿ, ಮೊಳಕೆ ಎಷ್ಟು ಒಡೆಯುತ್ತದೆ ನೋಡಿ, ಆಮೇಲೆ ಕೂರಿಗೆ ಹೂಡುತ್ತಿದ್ದರು. ತೆಗೆದ ಬ್ಯಾಕಪ್ಪನ್ನು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಏರಿಸಿ, ಒಬ್ಬ ಸದಸ್ಯರ ಖಾತೆ ತೆರೆದು ನೋಡುವುದು ಅದೇ ಮೊಳಕೆಯ ಪರೀಕ್ಷೆ. ರೋಣದ ಅಕ್ಕಾರು ಈಗ ಪ್ರತಿ ತಿಂಗಳ ಮೊದಲ ಶನಿವಾರ ಮಾಡುತ್ತಾರೆ. ದಿನಾಂಕ, ಬಂದ ಸಂದೇಶ, ಮಾಡಿದ ಉಪಾಯ ಬರೆಯಲು ಒಂದು ವಹಿಯನ್ನೂ ಇಟ್ಟಿದ್ದಾರೆ. ಕನ್ನಡದಲ್ಲಿ.

ಆ ವಹಿ ನೋಡಿದಾಗ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಸೀರೆ ಅಂಗಡಿಯ ಹುಡುಗನಾಗಲಿ ಗೊಬ್ಬರದ ಅಂಗಡಿಯ ಮೂವರಾಗಲಿ ದಡ್ಡರಲ್ಲ. ಪರದೆ ಅವರಿಗೆ ಅವರ ಭಾಷೆಯಲ್ಲಿ ಹೇಳಲಿಲ್ಲ. ಮೈಎಸ್‌ಕ್ಯುಎಲ್‌ನ ದೋಷಸಂದೇಶಗಳು ಎಸ್ಟೋನಿಯನ್ ಭಾಷೆಯಲ್ಲೂ ಇವೆ. ಆ ಭಾಷೆ ಆಡುವವರು ಸುಮಾರು ಹನ್ನೊಂದು ಲಕ್ಷ ಜನ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯೆಂದವರು ನಾಲ್ಕು ಕೋಟಿ ಮೂವತ್ತೇಳು ಲಕ್ಷ. ನಮ್ಮ ಭಾಷೆಯಲ್ಲಿ ಇಲ್ಲ. ಆ ಸಂದೇಶಗಳಿರುವುದು ಮೂಲದ ಜೊತೆಗೆ ಬರುವ ಒಂದು ಸಾದಾ ಪಠ್ಯ ಕಡತದಲ್ಲಿ, ತೆರೆದರೆ ಓದಲು ಬರುತ್ತದೆ. ಗದಗ, ಧಾರವಾಡ, ಬಾಗಲಕೋಟೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವವರೇ, ಕಲಿಸುತ್ತಿರುವವರೇ, ಹೆಚ್ಚು ಬರುವ ಐವತ್ತು ಸಂದೇಶಗಳಿಂದ ಶುರುಮಾಡಿ. ಮೊದಲನೆಯದಾಗಿ 3306ನೇ ಪೋರ್ಟಿನ ಆ ಪ್ರಶ್ನೆಯನ್ನು ಕನ್ನಡಕ್ಕೆ ತನ್ನಿ.